ವೇದಿಕೆಯ ಮೇಲೇ ಹುಟ್ಟುವ ಸಂಗೀತ: ಕಿಂಗ್ ಕ್ರಿಮ್ಸನ್ ಎದುರು ಕೂತು

(ಸಂಗೀತ ಕೇಳುವ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಕರ್ನಾಟಕ ಸಂಗೀತ ಕೇಳುವವರು. ಕೆಲವರು ರಾಕ್ ಕೇಳಿಕೊಂಡು ಬೆಳೆದವರು. ಇಬ್ಬರಿಗೂ ಆಗುವಂಥ ವಿಷಯ ತನ್ನಿ ಅಂತ ಕರೆದವರು ಹೇಳಿದ್ದರು. ಹಾಗಾಗಿ ಒಂದೇ ಬ್ಯಾಂಡಿನ ಬಗ್ಗೆ ಮಾತಾಡುತ್ತೇನೆ. ಹೆಸರು ಕಿಂಗ್ ಕ್ರಿಮ್ಸನ್. ಇಂಗ್ಲೆಂಡಿನದು. 1969ರ ಜನವರಿ 13ರಂದು ಲಂಡನ್ನಿನ ಫುಲಂ ಪ್ಯಾಲೇಸ್ ರಸ್ತೆಯ ಒಂದು ಕೆಫೆಯ ನೆಲಮಾಳಿಗೆಯಲ್ಲಿ ಇವರ ಮೊದಲ ಅಭ್ಯಾಸ ನಡೆಯಿತು. ಕೊನೆಯ ಶೋ ನಡೆದದ್ದು 2021ರ ಡಿಸೆಂಬರ್ 8ರಂದು, ಟೋಕಿಯೋದಲ್ಲಿ. ನಡುವೆ ಎಷ್ಟೋ ಸಲ ಬ್ಯಾಂಡ್ ಮುಚ್ಚಿತು, ಮತ್ತೆ ತೆರೆಯಿತು. ಮೊದಲಿನಿಂದ ಕೊನೆಯವರೆಗೂ ಇದ್ದವರು ಒಬ್ಬರೇ, ಗಿಟಾರ್ ನುಡಿಸುವ ರಾಬರ್ಟ್ ಫ್ರಿಪ್.

ಸಾಮಾನ್ಯವಾಗಿ ರಾಕ್ ಬ್ಯಾಂಡುಗಳು ಮೊದಲು ಸ್ಟುಡಿಯೋದಲ್ಲಿ ಆಲ್ಬಂ ಮಾಡುತ್ತವೆ. ಆಮೇಲೆ ಊರೂರು ಸುತ್ತಿ ಅದನ್ನೇ ನುಡಿಸುತ್ತವೆ. ಕೇಳುವವರು ಕೂಡ ಆಲ್ಬಂನಲ್ಲಿ ಇದ್ದ ಹಾಗೇ ಇದೆಯಾ ಅಂತ ನೋಡುತ್ತಾರೆ. ಕಿಂಗ್ ಕ್ರಿಮ್ಸನ್ ವಿಷಯದಲ್ಲಿ ಇದು ತಲೆಕೆಳಗು. ಇವರ ನಿಜವಾದ ಕೆಲಸ ನಡೆದದ್ದು ಜನರ ಎದುರಿಗೆ, ವೇದಿಕೆಯ ಮೇಲೆ. 2014ರಿಂದ 2021ರವರೆಗೆ ನುಡಿಸಿದ ಕೊನೆಯ ತಂಡವಂತೂ ಒಂದೇ ಒಂದು ಸ್ಟುಡಿಯೋ ಆಲ್ಬಂ ಮಾಡಲಿಲ್ಲ. ಹೊಸದಾಗಿ ಕಟ್ಟಿದ್ದನ್ನೂ ಹಳೆಯದನ್ನು ಬಿಚ್ಚಿ ಮತ್ತೆ ಕಟ್ಟಿದ್ದನ್ನೂ ಶೋಗಳಲ್ಲೇ ಕೇಳಿಸಿದರು. ಆಮೇಲೆ ಬಂದ ಆಲ್ಬಂಗಳೆಲ್ಲ ಆ ಶೋಗಳ ಧ್ವನಿಮುದ್ರಣಗಳು. ಕಛೇರಿ ಕೇಳಿ ಬೆಳೆದ ನಮಗೆ ಇದು ಹೊಸದೇನೂ ಅನ್ನಿಸಲಿಕ್ಕಿಲ್ಲ. ಆದರೆ ರಾಕ್ ಲೋಕದಲ್ಲಿ ಇದು ದೊಡ್ಡ ಮಾತು.

ಹಿಂದಿನ ಕಥೆ ಸ್ವಲ್ಪ ಹೇಳಿಬಿಡುತ್ತೇನೆ.

1969ರ ಜುಲೈ 5ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ರೋಲಿಂಗ್ ಸ್ಟೋನ್ಸ್ ಬ್ಯಾಂಡಿನ ಉಚಿತ ಕಾರ್ಯಕ್ರಮ ಇತ್ತು. ಎರಡೂವರೆ ಲಕ್ಷ ಜನ ಇದ್ದರು ಅನ್ನುವುದೇ ಕಡಿಮೆ ಅಂದಾಜು. ಅದಕ್ಕೂ ಮುಂಚೆ ನುಡಿಸಿದವರಲ್ಲಿ ಕಿಂಗ್ ಕ್ರಿಮ್ಸನ್ ಕೂಡ ಒಂದು. ಆಗ ಇವರ ಆಲ್ಬಂ ಇನ್ನೂ ಬಂದೇ ಇರಲಿಲ್ಲ. ಅದು ಬಂದದ್ದು ಅಕ್ಟೋಬರಿನಲ್ಲಿ. ಅಂದರೆ ಇವರ ಹೆಸರು ಹರಡಿದ್ದೇ ಶೋಗಳಿಂದ. ಅದೇ ವರ್ಷದ ಕೊನೆಗೆ ಅಮೆರಿಕಾ ಪ್ರವಾಸ ಮುಗಿಯುತ್ತಿದ್ದಂತೆ ತಂಡದ ಇಬ್ಬರು, ಇಯಾನ್ ಮೆಕ್‌ಡೊನಾಲ್ಡ್ ಮತ್ತು ಮೈಕೆಲ್ ಜೈಲ್ಸ್, ಬಿಟ್ಟು ಹೋದರು. ಮೊದಲ ತಂಡ ಒಂದು ವರ್ಷವೂ ಪೂರ್ತಿ ಬಾಳಲಿಲ್ಲ.

ಮುಂದಿನ ಎರಡು ಮೂರು ವರ್ಷ ಜನ ಬರುತ್ತಾ ಹೋಗುತ್ತಾ ಇದ್ದರು. 1970ರಲ್ಲಿ 'ಲಿಝರ್ಡ್' ಅಂತ ಒಂದು ಆಲ್ಬಂ ಬಂತು. ಅದನ್ನು ನುಡಿಸಿದ ತಂಡ ಒಂದೂ ಶೋ ಮಾಡದೆ ಚದುರಿಹೋಯಿತು. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1972ರಲ್ಲಿ ಕೂಡಿದ ತಂಡ ನನಗೆ ತುಂಬಾ ಇಷ್ಟ. ಡ್ರಮ್ಸ್‌ಗೆ ಬಿಲ್ ಬ್ರುಫೋರ್ಡ್, ಬೇಸ್ (ಅಂದರೆ ಕೆಳದನಿಯ ಗಿಟಾರ್) ಮತ್ತು ಹಾಡಿಗೆ ಜಾನ್ ವೆಟ್ಟನ್, ಪಿಟೀಲಿಗೆ ಡೇವಿಡ್ ಕ್ರಾಸ್. ತಾಳವಾದ್ಯಗಳಿಗೆ ಜೇಮಿ ಮ್ಯೂರ್ ಎಂಬ ವಿಚಿತ್ರ ಪ್ರತಿಭೆ. ಅವರು ಮರುವರ್ಷವೇ ಬ್ಯಾಂಡ್ ಬಿಟ್ಟು ಸ್ಕಾಟ್ಲೆಂಡಿನ ಬೌದ್ಧ ಮಠ ಸೇರಿದರು. ಈ ತಂಡದ ಶೋಗಳಲ್ಲಿ ಒಂದಷ್ಟು ಹೊತ್ತು ಯಾರೂ ಏನೂ ಮೊದಲೇ ಗೊತ್ತುಮಾಡಿಕೊಳ್ಳದೆ ನುಡಿಸುವುದು ವಾಡಿಕೆ. ರಾಗ ಇಂಥದ್ದು, ತಾಳ ಇಂಥದ್ದು ಅನ್ನುವ ಒಪ್ಪಂದವೂ ಇಲ್ಲ. ಒಬ್ಬರು ಶುರು ಮಾಡುತ್ತಾರೆ, ಉಳಿದವರು ಕಿವಿಗೊಟ್ಟು ಸೇರಿಕೊಳ್ಳುತ್ತಾರೆ.

1973ರ ನವೆಂಬರ್ 23ರ ರಾತ್ರಿ ಆಮ್‌ಸ್ಟರ್‌ಡ್ಯಾಮ್‌ನ ಕನ್ಸರ್ಟ್‌ಗೆಬೌ ಸಭಾಂಗಣದಲ್ಲಿ ಹೀಗೇ ಒಂದು ತುಣುಕು ಹುಟ್ಟಿತು. ಪಿಟೀಲು, ಬೇಸ್ ಮತ್ತು ಮೆಲೊಟ್ರಾನ್ ಮೂರೇ. ಮೆಲೊಟ್ರಾನ್ ಅಂದರೆ ಒಂದೊಂದು ಮನೆಗೂ ಒಂದೊಂದು ಟೇಪ್ ಇರುವ ಹಳೇ ಕೀಬೋರ್ಡ್. ಒತ್ತಿದರೆ ಮೊದಲೇ ಮುದ್ರಿಸಿಟ್ಟ ಪಿಟೀಲಿನದೋ ಕೊಳಲಿನದೋ ದನಿ ಬರುತ್ತದೆ. ಆ ತುಣುಕು ಬಹಳ ಮೆಲ್ಲಗೆ ನಡೆಯಿತು. ಡ್ರಮ್ಮರ್ ಬ್ರುಫೋರ್ಡ್ ಕೋಲುಗಳನ್ನು ಎದೆಯ ಮೇಲೆ ಅಡ್ಡ ಹಿಡಿದು ಸುಮ್ಮನೆ ಕೂತಿದ್ದರು. ತಾವು ಒಂದು ಪೆಟ್ಟು ಹೊಡೆದರೂ ಇದು ಕೆಡುತ್ತದೆ ಅಂತ ಅವರಿಗೆ ಗೊತ್ತಾಗಿತ್ತು. ಮುಂದೆ ಆಲ್ಬಂನಲ್ಲಿ ಈ ತುಣುಕು 'ಟ್ರಿಯೋ' ಅನ್ನುವ ಹೆಸರಿನಲ್ಲಿ ಬಂದಾಗ ರಚಿಸಿದವರ ಪಟ್ಟಿಯಲ್ಲಿ ಬ್ರುಫೋರ್ಡ್ ಹೆಸರೂ ಇತ್ತು. ನುಡಿಸದೆ ತಡೆದುಕೊಂಡದ್ದಕ್ಕೆ ಸಂದ ಪಾಲು ಅದು.

ಆ ಸಭಾಂಗಣದಲ್ಲಿ ಕೂತಿದ್ದವರನ್ನು ನೆನೆಸಿಕೊಳ್ಳಿ. ಅವರ ಕಣ್ಣಿಗೆ ಡ್ರಮ್ಮರ್ ಕಾಣುತ್ತಿದ್ದಾನೆ. ಈಗ ಹೊಡೆಯುತ್ತಾನೆ, ಈಗ ಹೊಡೆಯುತ್ತಾನೆ ಅನ್ನಿಸುತ್ತದೆ. ಹೊಡೆಯುವುದಿಲ್ಲ. ಧ್ವನಿಮುದ್ರಣ ಕೇಳುವ ನಮಗೆ ಡ್ರಮ್ಸ್ ಇಲ್ಲ ಅನ್ನುವುದಷ್ಟೇ ಗೊತ್ತಾಗುತ್ತದೆ. ಅಲ್ಲಿದ್ದವರಿಗೆ ಆ ತಡೆದ ಕೈ ಕೂಡ ಸಂಗೀತದ ಭಾಗವಾಗಿತ್ತು. ಎದುರು ಕೂತು ನೋಡಬೇಕು ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

1974ರ ಸೆಪ್ಟೆಂಬರಿನಲ್ಲಿ ಫ್ರಿಪ್ ಬ್ಯಾಂಡನ್ನು ಮುಚ್ಚಿದರು. 'ರೆಡ್' ಎಂಬ ಆಲ್ಬಂ ಅಂಗಡಿಗೆ ಬರುವ ಹೊತ್ತಿಗೆ ಬ್ಯಾಂಡೇ ಇರಲಿಲ್ಲ. ಅದರ ಕೊನೆಯ ರಚನೆ 'ಸ್ಟಾರ್‌ಲೆಸ್', ಸುಮಾರು 12 ನಿಮಿಷದ್ದು. ಅದನ್ನು ಆ ವರ್ಷ ಶೋಗಳಲ್ಲಿ ನುಡಿಸಿ ಹದ ಮಾಡಿ ಆಮೇಲೆ ಸ್ಟುಡಿಯೋಗೆ ಒಯ್ದಿದ್ದರು. ಆಮೇಲೆ ಕಿಂಗ್ ಕ್ರಿಮ್ಸನ್ ಅದನ್ನು ಮತ್ತೆ ವೇದಿಕೆಯ ಮೇಲೆ ನುಡಿಸಿದ್ದು 2014ರಲ್ಲಿ. ನಲವತ್ತು ವರ್ಷ!

1981ರಲ್ಲಿ ಬಂದ ತಂಡದ ಬಗ್ಗೆ ಲಯದ ದೃಷ್ಟಿಯಿಂದ ಎರಡು ಮಾತು. ಆಗ ಫ್ರಿಪ್ ಮತ್ತು ಬ್ರುಫೋರ್ಡ್ ಜೊತೆಗೆ ಏಡ್ರಿಯನ್ ಬೆಲೂ, ಟೋನಿ ಲೆವಿನ್ ಎಂಬ ಇಬ್ಬರು ಅಮೆರಿಕನ್ನರು ಸೇರಿದರು. ಇವರ 'ಫ್ರೇಮ್ ಬೈ ಫ್ರೇಮ್' ಅನ್ನುವ ಹಾಡಿನಲ್ಲಿ ಇಬ್ಬರು ಗಿಟಾರಿಸ್ಟರು 7ರ ಎಣಿಕೆಯಲ್ಲಿ ಒಂದೇ ಸಾಲು ನುಡಿಸುತ್ತಾರೆ. ಎರಡು ಸುತ್ತಿಗೆ 14. ಆಮೇಲೆ ಒಬ್ಬರು ಒಂದು ಸ್ವರ ಬಿಟ್ಟು 13ಕ್ಕೇ ತಿರುಗತೊಡಗುತ್ತಾರೆ. ಇನ್ನೊಬ್ಬರು 14ರಲ್ಲೇ ಇರುತ್ತಾರೆ. ಎರಡೂ ಸಾಲು ಸ್ವಲ್ಪ ಸ್ವಲ್ಪವೇ ಸರಿಯುತ್ತಾ ಹೋಗಿ ಮತ್ತೆ ಸೇರುತ್ತವೆ. 'ಡಿಸಿಪ್ಲಿನ್' ಎಂಬ ಇನ್ನೊಂದು ರಚನೆಯಲ್ಲಿ ಡ್ರಮ್ಸ್ 17ರ ಎಣಿಕೆಯಲ್ಲಿ ಓಡುತ್ತದೆ. ಅದೇ ಡ್ರಮ್ಮರ್‌ನ ಕಾಲು ಮಾತ್ರ ನೇರವಾಗಿ ನಾಲ್ಕರಲ್ಲಿ ಹೊಡೆಯುತ್ತಿರುತ್ತದೆ.

ತಾಳ ಕಲಿತವರು ಈಗಾಗಲೇ ಬೆರಳು ಮಡಿಸುತ್ತಿದ್ದೀರಿ. ನಮ್ಮ 35 ತಾಳಗಳಲ್ಲಿ ಖಂಡ ಜಾತಿ ಧ್ರುವ ತಾಳಕ್ಕೆ 17 ಅಕ್ಷರ. ಐದು, ಎರಡು, ಐದು, ಐದು. ಸಂಕೀರ್ಣ ಜಾತಿ ತ್ರಿಪುಟಕ್ಕೆ 13. ಒಂಬತ್ತು, ಎರಡು, ಎರಡು. ಅವರು ಇದನ್ನು ನಮ್ಮಿಂದ ತೆಗೆದುಕೊಂಡರು ಅಂತ ನಾನು ಹೇಳುತ್ತಿಲ್ಲ. ನಾನು ಹೇಳುವುದು ಇಷ್ಟೇ. ಈ ಸಂಗೀತ ಅರ್ಥವಾಗಲ್ಲ, ಲೆಕ್ಕ ತಪ್ಪುತ್ತದೆ ಅಂತ ರಾಕ್ ಕೇಳುವವರೇ ಎಷ್ಟೋ ಸಲ ದೂರುತ್ತಾರೆ. ನಿಮ್ಮ ಕೈಯಲ್ಲಿ ಆ ಲೆಕ್ಕ ಆಗಲೇ ಇದೆ. ನೀವು ಇದನ್ನು ಅವರಿಗಿಂತ ಬೇಗ ಹಿಡಿಯುತ್ತೀರಿ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅದು 2017ರ ಜೂನ್ 28. ಶಿಕಾಗೋ ಥಿಯೇಟರ್. ಸ್ಟೇಟ್ ಸ್ಟ್ರೀಟಿನಲ್ಲಿ 1921ರಲ್ಲಿ ಕಟ್ಟಿದ ಹಳೆಯ ಚಿತ್ರಮಂದಿರ, ಸುಮಾರು 3,600 ಸೀಟು. ಆಗ ನಾವು ಕೆಲಸದ ಮೇಲೆ ಆ ಕಡೆ ಇದ್ದೆವು. ನನಗೆ ಕಾಲೇಜಿನ ಕಾಲದಿಂದ ಈ ಬ್ಯಾಂಡಿನ ಹುಚ್ಚು. ಬೆಂಗಳೂರಿನಲ್ಲಿ ಗೆಳೆಯನೊಬ್ಬ ಕಾಪಿ ಮಾಡಿಕೊಟ್ಟ ಕ್ಯಾಸೆಟ್ ಕೇಳಿ ಹಿಡಿದದ್ದು. ನನ್ನ ಹೆಂಡತಿ ವೀಣೆ ಕಲಿತವಳು. ಅವಳು ಇವರ ಒಂದು ಹಾಡನ್ನೂ ಕೇಳಿರಲಿಲ್ಲ. ನನ್ನ ಜೊತೆಗೆ ಅಂತ ಬಂದಿದ್ದಳು.

ಒಳಗೆ ಹೋದ ತಕ್ಷಣ ಕಂಡದ್ದು ಡ್ರಮ್ಸ್. ಒಂದಲ್ಲ, ಮೂರು ಸೆಟ್. ಅದೂ ವೇದಿಕೆಯ ಮುಂದಿನ ಅಂಚಿನಲ್ಲಿ. ಎಲ್ಲಾ ಕಡೆ ಹಾಡುವವರೂ ಗಿಟಾರಿನವರೂ ಮುಂದೆ, ಡ್ರಮ್ಮರ್ ಹಿಂದೆ. ಇಲ್ಲಿ ಎಡಕ್ಕೆ ಪ್ಯಾಟ್ ಮ್ಯಾಸ್ಟಲೊಟೊ, ನಡುವೆ ಜೆರೆಮಿ ಸ್ಟೇಸಿ, ಬಲಕ್ಕೆ ಗ್ಯಾವಿನ್ ಹ್ಯಾರಿಸನ್. ಹಿಂದೆ ಎತ್ತರದ ಕಟ್ಟೆಯ ಮೇಲೆ ಉಳಿದ ಐವರು. ಸ್ಯಾಕ್ಸಫೋನ್ ಮತ್ತು ಕೊಳಲಿಗೆ ಮೆಲ್ ಕಾಲಿನ್ಸ್, ಬೇಸ್‌ಗೆ ಟೋನಿ ಲೆವಿನ್, ಕೀಬೋರ್ಡ್‌ಗೆ ಬಿಲ್ ರೀಫ್ಲಿನ್, ಹಾಡು ಮತ್ತು ಗಿಟಾರಿಗೆ ಜಾಕೊ ಜಾಕ್ಸಿಕ್. ಬಲಗಡೆಯ ತುದಿಯಲ್ಲಿ ಒಂದು ಎತ್ತರದ ಸ್ಟೂಲಿನ ಮೇಲೆ ಫ್ರಿಪ್. ಎಲ್ಲರೂ ಟೈ ಕಟ್ಟಿ, ಮದುವೆಗೆ ಹೊರಟವರ ಹಾಗೆ ಅಚ್ಚುಕಟ್ಟಾಗಿ ಬಂದಿದ್ದರು.

ಫ್ರಿಪ್ ನಿಂತು ನುಡಿಸುವುದಿಲ್ಲ. ಓಡಾಡುವುದಿಲ್ಲ. ಜನರ ಜೊತೆ ಮಾತಾಡುವುದಿಲ್ಲ. ಬ್ಯಾಂಡಿನ ಒಡೆಯ ಅಂತ ಎಲ್ಲರೂ ತಿಳಿದವರು ಮೂಲೆಯಲ್ಲಿ ಕೂತು ಉಳಿದ ಏಳು ಜನರನ್ನು ನೋಡುತ್ತಿರುತ್ತಾರೆ. ಶೋ ನಡೆಯುತ್ತಾ ಹೋದ ಹಾಗೆ ಆ ಜಾಗದ ಅರ್ಥ ನನಗೆ ಆಯಿತು. ಅಲ್ಲಿಂದ ಅವರಿಗೆ ಎಲ್ಲರೂ ಕಾಣುತ್ತಾರೆ, ಎಲ್ಲರ ನಾದವೂ ಕೇಳುತ್ತದೆ.

ಮೂರು ಡ್ರಮ್ಮರ್‌ಗಳು ಯಾಕೆ? ಸದ್ದು ಜಾಸ್ತಿ ಮಾಡುವುದಕ್ಕಲ್ಲ. ಮೂವರೂ ಒಂದೇ ಪೆಟ್ಟನ್ನು ಒಟ್ಟಿಗೆ ಹೊಡೆಯುವುದು ತುಂಬಾ ಕಡಿಮೆ. ಒಂದು ನಡೆಯನ್ನು ಮೂರು ಪಾಲು ಮಾಡಿ ಹಂಚಿಕೊಂಡಿರುತ್ತಾರೆ. ಈ ಹಂಚಿಕೆಯನ್ನು ಬರೆದು ಹೊಂದಿಸುವ ಕೆಲಸದಲ್ಲಿ ಹ್ಯಾರಿಸನ್ ಅವರದೇ ದೊಡ್ಡ ಪಾಲು. ಒಂದು ಸೊಲ್ಲು ಎಡಗಡೆ ಶುರುವಾಗಿ ನಡುವಿನವರ ಕೈ ದಾಟಿ ಬಲಗಡೆ ಮುಗಿಯುತ್ತದೆ. ಮ್ಯಾಸ್ಟಲೊಟೊ ಹತ್ತಿರ ಲೋಹದ ತಗಡು, ಗೆಜ್ಜೆ, ಎಲೆಕ್ಟ್ರಾನಿಕ್ ಪ್ಯಾಡು ಏನೇನೋ ಇದ್ದವು. ಸ್ಟೇಸಿ ಡ್ರಮ್ಸ್ ಬಿಟ್ಟು ಪಕ್ಕದ ಕೀಬೋರ್ಡಿಗೆ ತಿರುಗಿ ಪಿಯಾನೊ ನುಡಿಸಿ, ಮತ್ತೆ ಡ್ರಮ್ಸ್‌ಗೆ ಬರುತ್ತಿದ್ದರು. ಕಛೇರಿಯಲ್ಲಿ ತಾಳವಾದ್ಯಗಳಷ್ಟೇ ನುಡಿಯುವ ತನಿ ಆವರ್ತನದಲ್ಲಿ ಮೃದಂಗ, ಘಟ, ಖಂಜಿರ ಒಂದರಿಂದ ಒಂದು ಎತ್ತಿಕೊಂಡು ಕೊನೆಗೆ ಮುಕ್ತಾಯದ ಕೋರ್ವೈಗೆ ಕೂಡುತ್ತಾರಲ್ಲ, ಅದನ್ನು ಕೇಳಿದವರಿಗೆ ಇದರ ಸುಖ ವಿವರಿಸಬೇಕಾಗಿಲ್ಲ. ವ್ಯತ್ಯಾಸ ಒಂದಿದೆ. ಇಲ್ಲಿ ಹಾಡು ನಡೆಯುತ್ತಿರುವಾಗಲೂ ಈ ಹಂಚಿಕೆ ನಡೆದೇ ಇರುತ್ತದೆ. ಧ್ವನಿಮುದ್ರಣ ಕೇಳುವಾಗ ಯಾವ ಪೆಟ್ಟು ಯಾರದು ಅಂತ ಹೇಳುವುದು ಕಷ್ಟ. ಅಲ್ಲಿ ಕಣ್ಣು ಕಿವಿಗೆ ದಾರಿ ತೋರಿಸುತ್ತದೆ.

ಆ ರಾತ್ರಿ 'ಲಿಝರ್ಡ್' ಆಲ್ಬಂನ ದೊಡ್ಡ ರಚನೆಯ ಭಾಗಗಳನ್ನು ನುಡಿಸಿದರು. ಆಗಲೇ ಹೇಳಿದೆನಲ್ಲ, ಅದನ್ನು ಮುದ್ರಿಸಿದ ತಂಡ ವೇದಿಕೆ ಹತ್ತಲೇ ಇಲ್ಲ ಅಂತ. ಅದು ಮೊದಲ ಸಲ ಜನರ ಎದುರಿಗೆ ಬಂದದ್ದೇ 2017ರಲ್ಲಿ. 1970ರಲ್ಲಿ ಅದರಲ್ಲಿ ನುಡಿಸಿದವರಲ್ಲಿ ಇಬ್ಬರು ಅಂದು ವೇದಿಕೆಯ ಮೇಲಿದ್ದರು, ಫ್ರಿಪ್ ಮತ್ತು ಮೆಲ್ ಕಾಲಿನ್ಸ್. ಕಾಲಿನ್ಸ್ 1972ರಲ್ಲಿ ಬ್ಯಾಂಡ್ ಬಿಟ್ಟು ನಲವತ್ತು ವರ್ಷದ ಮೇಲೆ ಮರಳಿದವರು. ಅವರ ಸ್ಯಾಕ್ಸಫೋನ್ ಆ ಹಳೆಯ ಸಾಲನ್ನು ಹಿಡಿದಾಗ ನನ್ನ ಕಣ್ಣು ತುಂಬಿತು. ಇದು ಹಳೆಯದರ ನೆನಪಿಗೆ ಬಂದ ಕಣ್ಣೀರಲ್ಲ. ನಾನು ಅದನ್ನು ಆಲ್ಬಂನಲ್ಲಿ ಎಷ್ಟೋ ಸಲ ಕೇಳಿದ್ದೆ. ಆಗೆಲ್ಲ ಅದು ತುಂಬಾ ಗೋಜಲಾಗಿ ಕೇಳುತ್ತಿತ್ತು. ಅಂದು ಒಂದೊಂದು ಎಳೆಯೂ ಬಿಡಿಬಿಡಿಯಾಗಿ, ನಿಚ್ಚಳವಾಗಿ ಕೇಳಿತು. ಆ ರಚನೆ ಪೂರ್ತಿಯಾದದ್ದೇ ಈಗ ಅನ್ನಿಸಿತು. ಸಂಗೀತವನ್ನು ಯಾವಾಗಲೇ ಬರೆದಿರಲಿ, ನುಡಿಸುವಾಗ ಅದು ಹೊಸದು ಅನ್ನುವುದು ಫ್ರಿಪ್ ಅವರ ನಿಲುವು. ಅದು ಬರೀ ಮಾತಲ್ಲ ಅಂತ ಅಂದು ತಿಳಿಯಿತು.

ಹಾಡಿದ ಜಾಕ್ಸಿಕ್ ಅವರ ಬಗ್ಗೆಯೂ ಒಂದು ವಿಷಯ. ಅವರು ಹುಡುಗನಾಗಿದ್ದಾಗ, 1971ರ ಸುಮಾರಿಗೆ, ಸಭೆಯಲ್ಲಿ ಕೂತು ಕಿಂಗ್ ಕ್ರಿಮ್ಸನ್ ಕೇಳಿ ಮನಸೋತವರು. ಕೇಳುಗನಾಗಿದ್ದವರು ಮುಂದೆ ಅದೇ ಬ್ಯಾಂಡಿನ ಹಾಡುಗಾರರಾದರು. ಹಿಂದೆ ಗ್ರೆಗ್ ಲೇಕ್, ವೆಟ್ಟನ್, ಬೆಲೂ ಹಾಡಿದ್ದನ್ನೆಲ್ಲ ಅವರೊಬ್ಬರೇ ಹಾಡಬೇಕಿತ್ತು. ಯಾರನ್ನೂ ಅನುಕರಿಸದೆ ಹಾಡಿದರು. ಅವರಿಗೆ ಸಿಗಬೇಕಾದಷ್ಟು ಹೊಗಳಿಕೆ ಸಿಗಲಿಲ್ಲ ಅಂತ ನನ್ನ ಅಭಿಪ್ರಾಯ.

ಶೋ ಪೂರ್ತಿ ಬೆಳಕು ಒಂದೇ ಥರ. ಮಿನುಗುವ ದೀಪ ಇಲ್ಲ, ಹೊಗೆ ಇಲ್ಲ, ದೊಡ್ಡ ಪರದೆ ಇಲ್ಲ. ಅದು ಬದಲಾಗಿದ್ದು 'ಸ್ಟಾರ್‌ಲೆಸ್' ಬಂದಾಗ ಮಾತ್ರ.

ಈ ರಚನೆಯ ಮೊದಲ ಭಾಗ ಹಾಡು. ಮೆಲೊಟ್ರಾನ್ ಮೇಲೆ ಗಿಟಾರಿನ ಒಂದು ಉದ್ದನೆಯ, ದುಃಖದ ಸಾಲು. ಹಾಡು ಮುಗಿದ ಮೇಲೆ ಎಲ್ಲ ನಿಂತು ಬೇಸ್ ಒಂದೇ ಉಳಿಯುತ್ತದೆ. 13ರ ಎಣಿಕೆ. ಈ ಬೇಸ್ ಸಾಲನ್ನು ಕಟ್ಟಿದವರು ಡ್ರಮ್ಮರ್ ಬ್ರುಫೋರ್ಡ್ ಅನ್ನುವುದು ಚೆಂದದ ವಿಷಯ. ಅದರ ಮೇಲೆ ಫ್ರಿಪ್ ಒಂದೇ ಸ್ವರ ಹಿಡಿಯುತ್ತಾರೆ. ಅದನ್ನೇ ಮತ್ತೆ ಮತ್ತೆ ಮೀಟುತ್ತಾರೆ. ಎಷ್ಟೋ ಹೊತ್ತಿನ ಮೇಲೆ ಒಂದು ಮೆಟ್ಟಿಲು ಮೇಲೆ. ಮತ್ತೆ ಅಲ್ಲೇ. ಜಗತ್ತಿನ ದೊಡ್ಡ ಗಿಟಾರಿಸ್ಟರಲ್ಲಿ ಒಬ್ಬರು, ಕೈಗೆ ಎಷ್ಟು ಬೇಕಾದರೂ ವೇಗ ಇದೆ, ಆದರೂ ನಿಮಿಷಗಟ್ಟಲೆ ಒಂದು ಸ್ವರ. ಅತ್ತ ಡ್ರಮ್ಮರ್‌ಗಳು ಮೂವರೂ ಒಂದೊಂದೇ ಪೆಟ್ಟು ಸೇರಿಸುತ್ತಾರೆ. ಬೆಳಕು ನಿಧಾನವಾಗಿ ಕೆಂಪಾಗತೊಡಗುತ್ತದೆ. ಯಾವಾಗ ಶುರುವಾಯಿತು ಅಂತ ಗೊತ್ತಾಗುವುದೇ ಇಲ್ಲ. ನೋಡುವಾಗ ಇಡೀ ವೇದಿಕೆ ಕೆಂಪು.

ಪಕ್ಕದಲ್ಲಿ ನನ್ನ ಹೆಂಡತಿ ತೊಡೆಯ ಮೇಲೆ ತಾಳ ಹಾಕುತ್ತಿದ್ದಳು. ನನ್ನ ಕಡೆ ಬಾಗಿ, "ಇದು ಹದಿಮೂರು ರೀ" ಅಂದಳು. ಆಮೇಲೆ ಆ ಕೈ ನಿಲ್ಲಲೇ ಇಲ್ಲ. ಒಟ್ಟು ತಂಡ ಸ್ಫೋಟಿಸಿ, ವೇಗ ಇಮ್ಮಡಿಯಾಗಿ, ಸ್ಯಾಕ್ಸಫೋನ್ ಕಿರುಚಿ, ಕೊನೆಗೆ ಮೊದಲಿನ ಆ ದುಃಖದ ಸಾಲು ಎಂಟು ಜನರ ಬಲದಲ್ಲಿ ವಾಪಸ್ ಬರುವವರೆಗೂ ಅವಳು ಎಣಿಕೆ ಬಿಡಲಿಲ್ಲ. ನಾನು ಇಷ್ಟು ವರ್ಷ ಕೇಳಿದ್ದರೂ ಹಾಗೆ ತಾಳ ಹಿಡಿದು ಕೇಳಿರಲಿಲ್ಲ. ಅಂದಿನಿಂದ ನಾನು ಕೂಡ ಕೈ ಹಾಕಿಯೇ ಕೇಳುತ್ತೇನೆ.

ಇನ್ನು ಫೋನಿನ ವಿಷಯ. ಈ ಬ್ಯಾಂಡಿನ ಶೋಗಳಲ್ಲಿ ಫೋಟೋ, ವಿಡಿಯೋ ತೆಗೆಯುವ ಹಾಗಿರಲಿಲ್ಲ. ಕಟ್ಟುನಿಟ್ಟು. ಎಲ್ಲ ಮುಗಿದ ಮೇಲೆ ಟೋನಿ ಲೆವಿನ್ ತಮ್ಮ ಕ್ಯಾಮೆರಾ ಎತ್ತಿ ಸಭಿಕರ ಫೋಟೋ ತೆಗೆಯುತ್ತಿದ್ದರು. ಆಗ ನಾವೂ ತೆಗೆಯಬಹುದಿತ್ತು. ಇದು ಫ್ರಿಪ್ ಅವರ ಹಟ, ದುಡ್ಡು ಕೊಟ್ಟು ಬಂದವರಿಗೆ ಅವಮಾನ ಅಂತ ಕೆಲವರು ಬೈಯುತ್ತಾರೆ. ನಾನು ಒಪ್ಪುವುದಿಲ್ಲ. ಮೂರೂವರೆ ಸಾವಿರ ಜನ ಕತ್ತಲಲ್ಲಿ ಕೂತು, ಕೈಯಲ್ಲಿ ಏನೂ ಇಲ್ಲದೆ, ಒಂದೇ ಕಡೆ ನೋಡುತ್ತಿರುವುದು ಎಷ್ಟು ಅಪರೂಪ ಅಂತ ಯೋಚನೆ ಮಾಡಿ. ನಿಧಾನಕ್ಕೆ ಕೆಂಪಾಗುವ ಆ ಬೆಳಕು ಫೋನ್ ನೋಡುತ್ತಿದ್ದವರಿಗೆ ದಕ್ಕುತ್ತಿರಲಿಲ್ಲ. ನುಡಿಸುವವರಿಗೂ ಇದು ಬೇಕು. ಎದುರಿಗಿರುವವರು ಕೇಳುತ್ತಿದ್ದಾರೋ ಇಲ್ಲವೋ ಅಂತ ಅವರಿಗೆ ಗೊತ್ತಾಗುತ್ತದೆ. ನಮ್ಮ ಕಛೇರಿಗಳಲ್ಲಿ ಮುಂದಿನ ಸಾಲಿನವರು ಆಲಾಪನೆಯ ನಡುವೆ ವಿಡಿಯೋ ಮಾಡುವುದನ್ನು ನೋಡಿದಾಗೆಲ್ಲ ನನಗೆ ಶಿಕಾಗೋ ನೆನಪಾಗುತ್ತದೆ. ಇಲ್ಲೂ ಆ ಪದ್ಧತಿ ಬರಬೇಕು. ಕಲಾವಿದರೇ ಧೈರ್ಯ ಮಾಡಿ ಹೇಳಬೇಕು.

ಕೊನೆಗೆ ಇಂಗ್ಲೆಂಡಿನ ಗಾಯಕ ಡೇವಿಡ್ ಬೋವಿ ಅವರ 'ಹೀರೋಸ್' ನುಡಿಸಿದರು. ಇದು ಇವರ ಹಾಡಲ್ಲ ಅಂತ ಯಾರಾದರೂ ಹೇಳಬಹುದು. ಆದರೆ 1977ರಲ್ಲಿ ಬರ್ಲಿನ್ ಗೋಡೆಯ ಹತ್ತಿರದ ಹಾನ್ಸಾ ಸ್ಟುಡಿಯೋದಲ್ಲಿ ಆ ಹಾಡಿಗೆ ಗಿಟಾರ್ ನುಡಿಸಿದವರು ಫ್ರಿಪ್. ಸ್ಪೀಕರಿನಿಂದ ಎಷ್ಟು ದೂರ ನಿಂತರೆ ಯಾವ ಸ್ವರ ಮೊಳಗುತ್ತದೆ ಅಂತ ಕಂಡುಕೊಂಡು, ನೆಲದ ಮೇಲೆ ಟೇಪಿನಿಂದ ಗುರುತು ಹಾಕಿ, ಆ ಗುರುತುಗಳ ಮೇಲೆ ನಿಂತು ನುಡಿಸಿದ್ದರು. ಬೋವಿ 2016ರ ಜನವರಿಯಲ್ಲಿ ತೀರಿಕೊಂಡರು. ಆ ವರ್ಷದಿಂದ ಕಿಂಗ್ ಕ್ರಿಮ್ಸನ್ ಈ ಹಾಡನ್ನು ಶೋಗಳಲ್ಲಿ ನುಡಿಸತೊಡಗಿತು. ಆಮೇಲೆ ಮೊದಲ ಆಲ್ಬಂನ ಮೊದಲ ಹಾಡು, 'ಟ್ವೆಂಟಿ ಫಸ್ಟ್ ಸೆಂಚುರಿ ಸ್ಕಿಝಾಯ್ಡ್ ಮ್ಯಾನ್'. ಅದರ ನಡುವೆ ಎಲ್ಲ ವಾದ್ಯಗಳೂ ಒಟ್ಟಿಗೆ ಓಡಿ, ತಟ್ಟನೆ ನಿಂತು, ಮತ್ತೆ ಓಡುವ ಒಂದು ಭಾಗ ಇದೆ. ಎಂಟು ಜನ ಕೂದಲೆಳೆಯಷ್ಟೂ ತಪ್ಪದೆ ನಿಂತರು. ನಂತರ ಹ್ಯಾರಿಸನ್ ಒಬ್ಬರೇ ನುಡಿಸಿದರು. ಉಳಿದ ಇಬ್ಬರು ಡ್ರಮ್ಮರ್‌ಗಳು ಕೈ ಕಟ್ಟಿ ಕೇಳುತ್ತಿದ್ದರು.

ಬಿಲ್ ರೀಫ್ಲಿನ್ ಅವರನ್ನು ನೆನೆಯದೆ ಮುಂದೆ ಹೋಗಲಾರೆ. 2014ರಲ್ಲಿ ಅವರು ಮೂವರು ಡ್ರಮ್ಮರ್‌ಗಳಲ್ಲಿ ಒಬ್ಬರು. ನಾನು ನೋಡಿದಾಗ ಹಿಂದೆ ಕೀಬೋರ್ಡಿನ ಮುಂದೆ ಕೂತಿದ್ದರು. ಕ್ಯಾನ್ಸರ್ ಇದ್ದೂ ನುಡಿಸುತ್ತಿದ್ದರು. 2020ರ ಮಾರ್ಚಿನಲ್ಲಿ ತೀರಿಕೊಂಡರು. ಶಿಕಾಗೋದಲ್ಲಿ ನನಗೆ ಅವರ ಕಾಯಿಲೆಯ ವಿಷಯ ಗೊತ್ತಿರಲಿಲ್ಲ. ಅಲ್ಲಿ ಕಂಡದ್ದು ಅಲುಗಾಡದೆ, ಬೇಕಾದ ಕಡೆ ಬೇಕಾದಷ್ಟೇ ನುಡಿಸುವ ಒಬ್ಬ ಶಾಂತ ಮನುಷ್ಯ.

ಈಗ ನೋಡೋಕೆ ಸಿಗುತ್ತಾರಾ ಅಂತ ಕೆಲವರು ಬರುವಾಗಲೇ ಕೇಳಿದಿರಿ. ಕಿಂಗ್ ಕ್ರಿಮ್ಸನ್ ಶೋಗಳು ಟೋಕಿಯೋದಲ್ಲೇ ಮುಗಿದವು. 2024ರಿಂದ ಬೆಲೂ ಮತ್ತು ಲೆವಿನ್, ಗಿಟಾರಿಸ್ಟ್ ಸ್ಟೀವ್ ವಾಯ್ ಹಾಗೂ ಡ್ರಮ್ಮರ್ ಡ್ಯಾನಿ ಕ್ಯಾರಿ ಜೊತೆ 'ಬೀಟ್' ಎಂಬ ಹೆಸರಿನಲ್ಲಿ 1980ರ ದಶಕದ ರಚನೆಗಳನ್ನು ನುಡಿಸಿದ್ದಾರೆ. ಅವರು ನಿಮ್ಮ ಮಕ್ಕಳಿರುವ ಊರಿಗೆ ಬಂದರೆ ಹೋಗಿಬನ್ನಿ. ಇನ್ನು ಕೇಳುವುದಕ್ಕೆ ತುಂಬಾ ಇದೆ. ಫ್ರಿಪ್ ತಮ್ಮದೇ ಕಂಪನಿ ಡಿಜಿಎಂ ಮೂಲಕ ಎಲ್ಲ ಕಾಲದ ಶೋಗಳ ಧ್ವನಿಮುದ್ರಣಗಳನ್ನು ಹೊರಗೆ ತಂದಿದ್ದಾರೆ. ಆಮ್‌ಸ್ಟರ್‌ಡ್ಯಾಮ್ ರಾತ್ರಿ ಸಿಗುತ್ತದೆ. ನಾವಿಬ್ಬರು ಕೂತಿದ್ದ ಶಿಕಾಗೋ ರಾತ್ರಿಯೂ ಆಲ್ಬಂ ಆಗಿ ಬಂದಿದೆ. ಹೊಸಬರು ಮೊದಲ ಆಲ್ಬಂನಿಂದ ಶುರು ಮಾಡಬೇಕು ಅಂತ ಎಲ್ಲರೂ ಹೇಳುತ್ತಾರೆ. ನಾನು ಶಿಕಾಗೋದಿಂದ ಶುರು ಮಾಡಿ ಅನ್ನುತ್ತೇನೆ. ಅಲ್ಲಿ 1969ರದ್ದೂ ಇದೆ, 1974ರದ್ದೂ ಇದೆ, ಎಲ್ಲವನ್ನೂ ಒಂದೇ ತಂಡ ಒಂದೇ ರಾತ್ರಿ ನುಡಿಸಿದ್ದು.

ಸ್ಪೀಕರ್ ಸಿದ್ಧವಾಗಿದೆ. ಮೊದಲು 'ಟ್ರಿಯೋ' ಹಾಕುತ್ತೇನೆ, ಐದಾರು ನಿಮಿಷದ್ದು. ಆಮೇಲೆ ಶಿಕಾಗೋ 'ಸ್ಟಾರ್‌ಲೆಸ್'. ಹಾಡು ಮುಗಿದು ಬೇಸ್ ಶುರುವಾದಾಗ ಕೈ ಎತ್ತುತ್ತೇನೆ, ಅಲ್ಲಿಂದ ಎಲ್ಲರೂ ತಾಳ ಹಾಕಿ. ಒಂಬತ್ತು, ಎರಡು, ಎರಡು.